ಹುಣಸೇಮರದ ಕೆಳಗಿನ ಬುಧವಾರ

ಹುಣಸೂರಿನ ಮಿಷನ್ ಕಾಂಪೌಂಡಿನಲ್ಲಿ ಲೇಯಮ್ಮನದು ಕಟ್ಟಕಡೆಯ ಮನೆ. ಅದರಾಚೆಗೆ ಬೇಲಿ, ಬೇಲಿಯಾಚೆಗೆ ಸಮಾಧಿಗಳು. ಒಂದಂಕಣದ ಮನೆ. ಮುಂದೆ ಒಂದು ನುಗ್ಗೆಮರ, ಒಳಗೆ ಒಲೆ, ಒಲೆಯ ಪಕ್ಕದ ಗೂಡಿನಲ್ಲಿ ಎರಡು ಗಡಿಗೆ. ದೊಡ್ಡ ಗಡಿಗೆಯಲ್ಲಿ ಉಣ್ಣುವ ರಾಗಿ ಹಿಟ್ಟು, ಚಿಕ್ಕದರಲ್ಲಿ ದೇವರ ಹಿಡಿ. ಎಸರು ಕುದಿಯುವ ಮುಂಚೆ ದೊಡ್ಡದರಿಂದ ಒಂದು ಹಿಡಿ ತೆಗೆದು ಚಿಕ್ಕದಕ್ಕೆ ಹಾಕಬೇಕು. ತಿಂಗಳಿಗೊಮ್ಮೆ ಅದು ಚರ್ಚಿಗೆ ಹೋಗಿ, ಅಲ್ಲಿಂದ ಒಲೆ ಹಚ್ಚಲಾಗದವರ ಮನೆ ಸೇರುತ್ತಿತ್ತು. ಕಾಂಪೌಂಡಿನ ಹೆಂಗಸರೆಲ್ಲ ಹೀಗೆ ಹಿಡಿ ಎತ್ತಿಡುವವರೇ. ಕೆಲವರದು ಬಿಗಿ ಹಿಡಿ, ಕೆಲವರದು ಸಡಿಲ ಹಿಡಿ. ಲೇಯಮ್ಮನ ಅಂಗೈ ಅಗಲ, ಹಾಗಾಗಿ ಅವಳ ಗಡಿಗೆ ಎಲ್ಲರಿಗಿಂತ ಬೇಗ ತುಂಬುತ್ತಿತ್ತು.

ಅವಳ ಅಜ್ಜಿ ಬರಗಾಲದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು ಮಿಷನ್ನಿನವರ ಕೈಯಲ್ಲಿ ಗಂಜಿ ಕುಡಿದು ಬದುಕಿದವಳು. ಲೇಯಮ್ಮ ಮೂರನೆಯ ಕ್ಲಾಸಿನವರೆಗೆ ಓದಿದಳು, ಅಕ್ಷರ ಕೂಡಿಸಿ ಕೂಡಿಸಿ ಸತ್ಯವೇದ ಬೈಬಲ್ಲನ್ನು ಓದುವಷ್ಟು. ಉಪದೇಶಿ ದಾವೀದಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಅವನು ಹೆಗ್ಗಡದೇವನಕೋಟೆಯ ಕಡೆ ಕಾಡಂಚಿನ ಊರುಗಳನ್ನು ಸುತ್ತಿ ಸುವಾರ್ತೆ ಸಾರುತ್ತಿದ್ದ. ಆಗ ಆ ಕಡೆ ಮಲೇರಿಯ. ಒಂದೇ ತಿಂಗಳಲ್ಲಿ ಗಂಡನೂ ಹೋದ, ಎಂಟು ತಿಂಗಳ ಹೆಣ್ಣು ಮಗುವೂ ಹೋಯಿತು. ಇಪ್ಪತ್ತನಾಲ್ಕು ವರ್ಷದ ಹೆಂಗಸು ಗಂಡನ ಕೊಡೆ ಮತ್ತು ಸತ್ಯವೇದ ಹಿಡಿದುಕೊಂಡು ಬಸ್ಸಿಳಿದು ಕಾಂಪೌಂಡಿಗೆ ವಾಪಸ್ಸು ಬಂದಳು. ದವಾಖಾನೆಯಲ್ಲಿ ಆಯಾ ಕೆಲಸ ಕೊಟ್ಟರು.

ಆ ದವಾಖಾನೆಯವರು ಪ್ರತಿ ಬುಧವಾರ ಹನಗೋಡಿನ ದಾರಿಯಲ್ಲಿ ಒಂದು ಹುಣಸೇಮರದ ಕೆಳಗೆ ದೊಡ್ಡರೋಗದವರಿಗೆ ಔಷಧಿ ಕೊಡುತ್ತಿದ್ದರು. ಕುಷ್ಠ ಎನ್ನುವ ಮಾತನ್ನು ಬಾಯಲ್ಲಿ ಆಡುತ್ತಿರಲಿಲ್ಲ ಜನ, ದೊಡ್ಡರೋಗ ಎನ್ನುತ್ತಿದ್ದರು. ಕಾಂಪೌಂಡರ್ ಸಾಮುವೇಲಪ್ಪ ಮಾತ್ರೆ ಹಂಚುವುದು, ಲೇಯಮ್ಮ ಕಾಲು ತೊಳೆಯುವುದು. ಬೆಚ್ಚಗಿನ ನೀರಿನಲ್ಲಿ ಹುಣ್ಣಿನ ಕಾಲನ್ನು ನೆನೆಹಾಕಿ, ಸತ್ತ ಚರ್ಮವನ್ನು ಒಣಗಿದ ಹೀರೇಕಾಯಿ ನಾರಿನಿಂದ ಉಜ್ಜಿ, ಹರಳೆಣ್ಣೆ ಸವರಿ ಬಟ್ಟೆ ಕಟ್ಟಬೇಕು. ಮೊದಲನೆಯ ಬುಧವಾರ ಅವಳು ಮರದ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು ಬಂದು ಮತ್ತೆ ಕುಳಿತಳು. ಎರಡನೆಯ ಬುಧವಾರವೂ ಅಷ್ಟೇ. ಆಮೇಲೆ ಆಗಲಿಲ್ಲ.

ಒಂದು ವಿಷಯ ಮಾತ್ರ ಅವಳು ಎಂದೂ ಮರೆಯುತ್ತಿರಲಿಲ್ಲ. ಆ ಕಾಲುಗಳಿಗೆ ಬಿಸಿ ತಿಳಿಯುವುದಿಲ್ಲ. ಕುದಿಯುವ ನೀರಿಗೆ ಇಟ್ಟರೂ ಅವರು ಸುಮ್ಮನೆ ಕುಳಿತಿರುತ್ತಾರೆ. ಅದಕ್ಕೇ ಪ್ರತಿಯೊಬ್ಬರ ಬೋಗುಣಿಗೂ ಮೊದಲು ತನ್ನ ಮೊಣಕೈ ಅದ್ದಿ ನೋಡುತ್ತಿದ್ದಳು. ಹಾರನಹಳ್ಳಿಯ ಕಡೆಯ ಚಾಮಯ್ಯ ಎಂಬ ಮುದುಕ, ರೋಗ ಬಂತೆಂದು ಅಣ್ಣತಮ್ಮಂದಿರು ಹೊರಗೆ ಹಾಕಿದ ಮೇಲೆ ಆ ಮರದ ಹತ್ತಿರವೇ ಗುಡಿಸಲು ಹಾಕಿಕೊಂಡಿದ್ದವನು, ಇದನ್ನು ನೋಡಿ ನಗುತ್ತಿದ್ದ.

"ನನ್ ಸೊಸೇರು ಸ್ನಾನಕ್ಕೆ ನೀರು ಕಾಸೋವಾಗ ಬೆಳ್ಳನ್ನೂ ಅದ್ದಿ ನೋಡ್ನಿಲ್ಲ. ಈವಮ್ಮ ನನ್ ಕಾಲಿಗೆ ಮೊಣಕೈ ಅದ್ತಾಳೆ. ರಾಜನ್ ಕಾಲು ಕಣ್ಲಾ ನಂದು," ಎಂದು ಪಕ್ಕದವರಿಗೆ ಹೇಳುತ್ತಿದ್ದ.

"ರಾಜರೇ, ಕಾಲು ಅಲ್ಲಾಡಿಸಬೇಡಿ," ಎನ್ನುತ್ತಿದ್ದಳು ಲೇಯಮ್ಮ.

ಜವರಿ ಆ ಮರದ ಕೆಳಗೆ ಬಂದದ್ದು ಅರವತ್ತೊಂದನೆಯ ಇಸವಿಯಲ್ಲಿ, ಮಳೆ ಹಿಂದಾಗುವ ಹೊತ್ತಿಗೆ. ಹನಗೋಡಿನಿಂದಾಚೆ ಕಾಡೊಳಗಿನ ಗಿರಿಜನರ ಹಾಡಿಯವಳು. ಹದಿನೆಂಟೋ ಇಪ್ಪತ್ತೋ ವಯಸ್ಸು, ಏಳು ತಿಂಗಳ ಬಸುರಿ. ಜೊತೆಗೆ ಗಂಡ ಮಲ್ಲ. ಅವಳ ಬಲಗೈಗೆ ಎಲೆ ಸುತ್ತಿ ನಾರಿನಿಂದ ಕಟ್ಟಿತ್ತು. ಬಿಚ್ಚಿದರೆ ಅಂಗೈ ಪೂರಾ ಸುಟ್ಟಿದೆ.

"ಒಲೆ ಮೇಲ್ನ ಮಡಕೆಯ ಬರಿಗೈಲಿ ಇಳಿಸವ್ಳೆ," ಎಂದ ಮಲ್ಲ. "ಇವ್ಳಿಗೆ ಗೊತ್ತೇ ಆಗ್ನಿಲ್ಲ. ವಾಸ್ನೆ ಬಂತು ಅಂತ ನಾನ್ ತಿರುಗಿ ನೋಡ್ದೆ."

ದವಾಖಾನೆಯ ಡಾಕ್ಟರಮ್ಮ ಗರಿಯ ತುದಿಯಿಂದ ಜವರಿಯ ಮೈ ಅಲ್ಲಲ್ಲಿ ಮುಟ್ಟಿ ನೋಡಿದರು. ಜವರಿ ಕಣ್ಣು ಮುಚ್ಚಿಕೊಂಡು, ಮುಟ್ಟಿದ ಕಡೆ ಬೆರಳು ತೋರಿಸಬೇಕಿತ್ತು. ಬಹಳ ಕಡೆ ತೋರಿಸಲಿಲ್ಲ.

ದವಾಖಾನೆಯ ಹಿಂದಿನ ಕೊಠಡಿಯಲ್ಲಿ ಹೆರಿಗೆಯಾಯಿತು. ಹೆಣ್ಣು. ಮಗುವನ್ನು ತಾಯಿಯಿಂದ ದೂರ ಇಡಬೇಕು, ಮೈ ತಾಗಿಸಬಾರದು, ಹಾಲು ಕೊಡಬಾರದು, ರೋಗ ಇಳಿಯುವ ತನಕ ಹೀಗೇ ಎಂದರು ಡಾಕ್ಟರಮ್ಮ. ಆ ಕಾಲದ ಕಟ್ಟಳೆ ಅದು. ಹಾಡಿಯಲ್ಲಿ ಹಾಲೂಡಿಸುವ ಬಾಣಂತಿ ಆಗ ಯಾರೂ ಇರಲಿಲ್ಲ. ಕಾಂಪೌಂಡಿನಲ್ಲಿ ಚರ್ಚಿನ ಪಾದ್ರಿ ಅಯ್ಯನವರು ಒಂದು ಭಾನುವಾರ ಆರಾಧನೆ ಮುಗಿದ ಮೇಲೆ, ಈ ಮಗುವನ್ನು ಯಾರು ಸಾಕುತ್ತೀರಿ ಎಂದು ಕೇಳಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡರೋಗದವಳ ಕೂಸು. ಮನೆಯಲ್ಲಿ ಮಕ್ಕಳಿರುವವರು ಏನು ಹೇಳಿಯಾರು? ಲೇಯಮ್ಮ ಕೊನೆಯ ಬೆಂಚಿನಿಂದ ಎದ್ದು, "ನನ್ನ ಮನೆಯಲ್ಲಿ ಯಾರೂ ಇಲ್ಲವಲ್ಲ," ಎಂದಳು. ಅಷ್ಟೇ ಅವಳು ಆಡಿದ ಮಾತು.

ಜವರಿಯ ಹತ್ತಿರ ಹೋಗಿ ಕೇಳಿದಾಗ ಅವಳು ಮಗುವಿನ ಕಡೆ ನೋಡದೆ, ಗೋಡೆ ನೋಡುತ್ತ ಹೇಳಿದಳು. "ನಾನು ಔಸ್ದಿಗೆ ಬರೋ ಬುಧ್ವಾರ ದಿನ ತೋರ್ಸ್ತೀಯಾ?"

"ತೋರಿಸ್ತೀನಿ."

"ವಾಸಿ ಆದ್ ದಿನ ಕೊಟ್‌ಬುಡ್ತೀಯಾ?"

"ಕೊಡ್ತೀನಿ."

"ಆಣೆ ಇಕ್ಕು."

"ನಮ್ಮಲ್ಲಿ ಆಣೆ ಇಡಬಾರದು ಕಣವ್ವ," ಎಂದಳು ಲೇಯಮ್ಮ. "ಯೇಸುಸ್ವಾಮಿ ಬೇಡ ಅಂದವ್ರೆ. ಹೌದು ಅಂದರೆ ಹೌದು, ಅಷ್ಟೇ. ಅದಕ್ಕಿಂತ ದೊಡ್ಡದು ನನ್ನ ಹತ್ತಿರ ಇಲ್ಲ."

ಆಣೆ ಇಲ್ಲದ ಮಾತನ್ನು ಹೇಗೆ ನಂಬುವುದೆಂದು ಜವರಿಗೆ ತಿಳಿಯಲಿಲ್ಲ. ಕೊನೆಗೆ, "ಅಂಗಾದ್ರೆ ಇನ್ನೊಂದ್ ದಪ ಅನ್ನು," ಎಂದಳು.

"ಹೌದು," ಎಂದಳು ಲೇಯಮ್ಮ.

"ಸಣ್ಣಿ ಅಂತ ಕರಿ. ನಮ್ಮವ್ವನ ಹೆಸ್ರು."

ಹಾಗೆ ಸಣ್ಣಿ ಲೇಯಮ್ಮನ ಮನೆಗೆ ಬಂದಳು. ಮನೆಯ ಇನ್ನೊಂದು ಬದಿಯ ಬೇಲಿಯಾಚೆ ಬೀದಿಯ ದೊಡ್ಡತಾಯಮ್ಮ ಮೇಕೆ ಸಾಕಿದ್ದಳು. ಅವಳು ದಿನಾ ಬೆಳಗ್ಗೆ ಸೇರಿನಲ್ಲಿ ಹಾಲು ತಂದು ಬೇಲಿಯ ಮೇಲಿನಿಂದಲೇ ಕೊಡುವಳು. ಮೊದಮೊದಲು ಕೈ ತಾಗದಂತೆ ಕೊಡುತ್ತಿದ್ದವಳು, ಮಗು ನಗಲು ಕಲಿತ ಮೇಲೆ ಒಳಗೇ ಬಂದು ತೊಡೆಯ ಮೇಲೆ ಹಾಕಿಕೊಂಡು ಕುಳಿತುಬಿಡುತ್ತಿದ್ದಳು. "ನನ್ ಮೇಕೆ ಮಗ್ಳು," ಎನ್ನುತ್ತಿದ್ದಳು.

ಅಯ್ಯನವರು ಮಗುವಿಗೆ ದೀಕ್ಷಾಸ್ನಾನ ಕೊಟ್ಟು ಒಳ್ಳೆಯ ಹೆಸರಿಡೋಣ ಎಂದರು. ಲೇಯಮ್ಮನಿಗೂ ಆಸೆಯಿತ್ತು. ಆದರೂ, "ಅಯ್ಯನೋರೇ, ಹೆತ್ತವಳು ಹೆಸರು ಇಟ್ಟು ಕಳಿಸವ್ಳೆ. ಇದು ನನ್ನ ಹತ್ತಿರ ಇಟ್ಟುಹೋದ ಕೂಸು," ಎಂದುಬಿಟ್ಟಳು. ಅಯ್ಯನವರು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು.

ಬುಧವಾರ ಬಂದರೆ ಜೀಪಿನಲ್ಲಿ ಔಷಧಿ ಪೆಟ್ಟಿಗೆ, ಬೋಗುಣಿಗಳ ಜೊತೆ ಸಣ್ಣಿಯೂ. ಮರದಿಂದ ಹತ್ತು ಮಾರು ಈಚೆಗೆ ಒಂದು ಚಪ್ಪಡಿ ಕಲ್ಲಿತ್ತು. ಜವರಿ ಕಲ್ಲಿನಿಂದ ಆಚೆ, ಮಗು ಕಲ್ಲಿನಿಂದ ಈಚೆ. ಜವರಿ ಕಾಡಿನಿಂದ ಏನಾದರೂ ತರುವಳು, ಒಂದು ಸಲ ನೆಲ್ಲಿಕಾಯಿ, ಒಂದು ಸಲ ಹಕ್ಕಿ ಪುಕ್ಕ, ಒಂದು ಸಲ ಬಿದಿರಿನ ಗಿಲಕಿ. ಕಲ್ಲಿನ ಮೇಲಿಟ್ಟು ಹಿಂದೆ ಸರಿಯುವಳು. ಲೇಯಮ್ಮ ಅದನ್ನು ಬಿಸಿನೀರಿನಲ್ಲಿ ತೊಳೆದು ಮಗುವಿನ ಕೈಗೆ ಕೊಡುವಳು. ಮಗುವಿಗೆ ಮಾತು ಬಂದ ಮೇಲೆ ಲೇಯಮ್ಮನನ್ನು ಅವ್ವ ಎಂದಿತು. ಜವರಿಯನ್ನು ಮರದವ್ವ ಎಂದಿತು. ಮರದವ್ವ ಎಂದು ಮೊದಲು ಕರೆದ ದಿನ ಜವರಿ ನಕ್ಕಳು. ಆಮೇಲೆ ಮರದ ಬುಡಕ್ಕೆ ಹೋಗಿ ಬೆನ್ನು ತಿರುಗಿಸಿ ಕುಳಿತಳು.

ಸಣ್ಣಿಗೆ ಮೂರು ತುಂಬಿದಾಗಿನಿಂದ ಹಿಡಿ ಎತ್ತಿಡುವ ಕೆಲಸ ಅವಳದೇ. ಮಣೆಯ ಮೇಲೆ ಹತ್ತಿ ನಿಂತು, ಪುಟ್ಟ ಮುಷ್ಟಿಯಲ್ಲಿ ಹಿಟ್ಟು ತೆಗೆದು, ಅರ್ಧ ನೆಲಕ್ಕೆ ಚೆಲ್ಲಿ, ಉಳಿದದ್ದನ್ನು ಚಿಕ್ಕ ಗಡಿಗೆಗೆ ಹಾಕಿ, "ಯೇಸಪ್ಪನ್ಗೆ" ಎನ್ನುವಳು. ಹಾಕದೆ ಲೇಯಮ್ಮ ಎಸರಿಗೆ ಹಿಟ್ಟು ಸುರಿದರೆ ಊಟ ಮಾಡುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಸದ್ದಿಲ್ಲದ ಆ ಮನೆಯಲ್ಲಿ ಹಾಡು, ಹಟ, ಬಿದ್ದ ಹಲ್ಲು, ಹರಿದ ಲಂಗ ಎಲ್ಲ ಬಂದು ತುಂಬಿತು. ಕಳೆದುಕೊಂಡ ಎಂಟು ತಿಂಗಳ ಕೂಸನ್ನು ಲೇಯಮ್ಮ ಮರೆಯಲಿಲ್ಲ. ಆದರೆ ಅದರ ಮುಖ ನೆನೆದರೆ ಸಣ್ಣಿಯ ಮುಖವೇ ಕಣ್ಣಿಗೆ ಬರತೊಡಗಿತು.

ಅರವತ್ತೇಳನೆಯ ಇಸವಿಯ ಬೇಸಿಗೆ. ಜವರಿಯ ಕಿವಿಯಿಂದ ರಸ ತೆಗೆದು ಗಾಜಿನ ಮೇಲೆ ಸವರಿ ಪರೀಕ್ಷೆಗೆ ಮೈಸೂರಿಗೆ ಕಳಿಸಿದ್ದರು. ಹಿಂದಿನ ಎರಡು ಸಲವೂ ಚೆನ್ನಾಗಿ ಬಂದಿತ್ತು. ಈ ಸಲವೂ ಬಂದರೆ ಮಗು ತಾಯಿಯ ಜೊತೆ ಇರಬಹುದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹೇಳಿ ಅವರು ರಜೆಯ ಮೇಲೆ ತಮ್ಮ ಊರಿಗೆ ಹೋದರು. ಚೀಟಿ ಬಂದದ್ದು ಆಮೇಲೆ. ಅದನ್ನು ಸಾಮುವೇಲಪ್ಪ ಲೇಯಮ್ಮನ ಕೈಗೇ ಕೊಟ್ಟ. ಹಾಡಿಯವರಿಗೆ ಏನು ಹೇಳಬೇಕಾದರೂ ಅವಳ ಬಾಯಿಂದಲೇ ಹೇಳಿಸುವುದು ವಾಡಿಕೆ.

"ಒಳ್ಳೆ ಸುದ್ದಿ ಲೇಯಮ್ಮ. ರೋಗ ಇಲ್ಲ. ಜವರಿಗೆ ನೀವೇ ಹೇಳಿಬಿಡಿ," ಎಂದ. ಹೇಳಿದ ಮೇಲೆ ಅವಳ ಮುಖ ನೋಡಿ, ಏನೋ ಹೊಳೆದವನಂತೆ, ಮಾತ್ರೆ ಎಣಿಸಲು ತಿರುಗಿಕೊಂಡ.

ಲೇಯಮ್ಮ ಚೀಟಿಯನ್ನು ಸತ್ಯವೇದದೊಳಗೆ ಇಟ್ಟಳು. ಬುಧವಾರ ಹೇಳೋಣ ಎಂದುಕೊಂಡಳು. ಬುಧವಾರ ಜವರಿ ಕಲ್ಲಿನಾಚೆ ಬಂದು ನಿಂತು, "ಪೇಪರ್ ಬಂತಾ ಅವ್ವಾ?" ಎಂದು ಕೇಳಿದಳು.

"ಇನ್ನೂ ಬಂದಿಲ್ಲ ಕಣವ್ವ," ಎಂದಿತು ಲೇಯಮ್ಮನ ಬಾಯಿ.

ಅದು ಹೇಗೆ ಬಂತು, ಯಾರು ಆಡಿದರು ಎಂದು ಅವಳಿಗೇ ತಿಳಿಯಲಿಲ್ಲ. ಹುಟ್ಟಿದಂದಿನಿಂದ ಸುಳ್ಳು ಹೇಳಿದವಳಲ್ಲ. ಜವರಿ, "ಆಗ್ಲಿ ಬುಡು," ಎಂದು ಕಲ್ಲಿನ ಮೇಲೆ ನೇರಳೆ ಹಣ್ಣಿನ ದೊನ್ನೆ ಇಟ್ಟು ಹೋದಳು. ಮುಂದಿನ ಬುಧವಾರ ಸರಿಮಾಡಿಕೊಳ್ಳುತ್ತೇನೆ ಎಂದು ಲೇಯಮ್ಮ ಪ್ರಾರ್ಥನೆ ಮಾಡಿದಳು. ಮುಂದಿನ ಬುಧವಾರವೂ ಅದೇ ಮಾತು ಬಂತು. ಜೂನ್ ತಿಂಗಳಲ್ಲಿ ಮಗುವನ್ನು ಸ್ಕೂಲಿಗೆ ಸೇರಿಸಿ ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಕಾಡಿನ ಹಾಡಿಯಲ್ಲಿ ಸ್ಕೂಲೆಲ್ಲಿ, ಹಾಲೆಲ್ಲಿ, ಆನೆ ತಿರುಗುವ ಜಾಗ, ಮಗುವಿನ ಒಳ್ಳೆಯದಕ್ಕೇ ಅಲ್ಲವೇ ಎಂದುಕೊಂಡಳು. ಒಂದಲ್ಲ ಒಂದು ಕಾರಣ ಹೊಳೆಯುತ್ತಿತ್ತು. ಯಾವ ಕಾರಣದಿಂದಲೂ ನಿದ್ದೆ ಮಾತ್ರ ಬರಲಿಲ್ಲ.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಅಯ್ಯನವರು ರೊಟ್ಟಿ ಮುರಿಯುವ ಮುಂಚೆ ಯಾವಾಗಲೂ ಹೇಳುವ ಮಾತಿತ್ತು. ಯಾರಿಗಾದರೂ ಅನ್ಯಾಯ ಮಾಡಿದ್ದರೆ ಮೊದಲು ಹೋಗಿ ಅವರೊಡನೆ ಸರಿಮಾಡಿಕೊಂಡು ಬನ್ನಿ ಎಂದು. ಎಲ್ಲರೂ ಎದ್ದು ಮುಂದೆ ಹೋಗಿ ಮೊಣಕಾಲೂರಿದರು. ಲೇಯಮ್ಮ ಬೆಂಚಿನಲ್ಲೇ ಕುಳಿತಿದ್ದಳು. ಮಂಡಿ ನೋವಿರಬೇಕು ಎಂದುಕೊಂಡರು ಜನ. ಮುಂದಿನ ತಿಂಗಳೂ ಕುಳಿತೇ ಇದ್ದಳು. ಆಗ ಯಾರೂ ಏನೂ ಅಂದುಕೊಳ್ಳಲಿಲ್ಲ, ನೋಡಿದರು ಅಷ್ಟೇ.

ಒಂಬತ್ತನೆಯ ಬುಧವಾರ ಜವರಿ ಎಂದಿನಂತೆ ಪೇಪರ್ ಬಂತಾ ಎಂದು ಕೇಳಲಿಲ್ಲ. ಕಲ್ಲಿನಾಚೆ ಕುಕ್ಕರಗಾಲಲ್ಲಿ ಕುಳಿತು ನೆಲ ಕೆದಕುತ್ತ, "ಅವ್ವಾ, ಒಂದ್ ಮಾತು. ಬಯ್ಯಬ್ಯಾಡ," ಎಂದಳು.

"ಏನವ್ವ?"

"ಶಿವರಾತ್ರಿ ಆದ್ ಮೇಲೆ ಒಂದ್ ವಾರ ನಾ ಬರ್ನಿಲ್ಲ ನೋಡು. ದಾರೀಲಿ ಆನೆ ಮರಿ ಹಾಕಿತ್ತು. ಹೆಜ್ಜೆ ಇಡಕ್ಕಾಗ್ನಿಲ್ಲ. ಮಾತ್ರೆ ತಪ್ಪೋಯ್ತು. ಮುಂದ್ಲ ವಾರ ಎರಡೆರಡು ನುಂಗ್ದೆ, ಸರಿಯೋಯ್ತದೆ ಅಂತ. ನಿಂಗೆ ಯೋಳ್ನಿಲ್ಲ." ಅವಳ ಬೆರಳು ನೆಲ ಕೆದಕುತ್ತಲೇ ಇತ್ತು. "ಅದ್ಕೇ ಅಲ್ವಾ ಪೇಪರ್ ಬರ್ದೆ ಇರೋದು? ನನ್ನಿಂದ್ಲೇ ಅಲ್ವಾ? ಇನ್ನೆಷ್ಟು ವರ್ಸ ನುಂಗ್ಬೇಕೋ ಯೋಳು, ನುಂಗ್ತೀನಿ. ಒಂದ್ ದಿನಾನೂ ತಪ್ಪಿಸಕಿಲ್ಲ."

ಅಷ್ಟರಲ್ಲಿ ಚಾಮಯ್ಯ ನೀರು ತಣ್ಣಗಾಗುತ್ತದೆ ಬಾರವ್ವ ಎಂದು ಕೂಗಿದ. ಲೇಯಮ್ಮ ಎದ್ದುಹೋದಳು.

ಆ ಭಾನುವಾರ ಮತ್ತೆ ಕರ್ತನ ಭೋಜನ. ಮೂರನೆಯ ಸಲ. ಬೆಂಚೆಲ್ಲ ಖಾಲಿಯಾಗಿ ಅವಳೂ ಸಣ್ಣಿಯೂ ಇಬ್ಬರೇ ಉಳಿದರು.

"ಅವ್ವಾ, ಎಲ್ರೂ ಹೋದ್ರಲ್ಲ. ನೀನ್ಯಾಕೆ ಹೋಗಲ್ಲ?"

"ನಂಗೆ ಕೊಡಲ್ಲ ಮಗ."

"ಯಾರು, ಅಯ್ಯನೋರಾ?"

"ಅಲ್ಲ."

ಸಣ್ಣಿ ತನ್ನ ಪುಟ್ಟ ಕೈಯನ್ನು ಅವಳ ಕೈಯೊಳಗೆ ತುರುಕಿ, "ನಂಗೂ ಕೊಡಲ್ಲ. ಇಬ್ರೂ ಇಲ್ಲೇ ಇರಾನ," ಎಂದಳು.

ಸೋಮವಾರ ಬೆಳಗ್ಗೆ ಲೇಯಮ್ಮ ಮಗುವನ್ನು ದೊಡ್ಡತಾಯಮ್ಮನ ಮನೆಯಲ್ಲಿ ಬಿಟ್ಟು, ಸತ್ಯವೇದದಿಂದ ಚೀಟಿ ತೆಗೆದು ಸೆರಗಿಗೆ ಗಂಟು ಹಾಕಿ, ಹನಗೋಡಿನ ಬಸ್ಸು ಹತ್ತಿದಳು. ಅಲ್ಲಿಂದ ಹೊಳೆ ದಾಟಿ, ಕಾಡಿನ ದಾರಿಯಲ್ಲಿ ಕಾಲ್ನಡಿಗೆ. ಹಾಡಿ ಸೇರಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಜವರಿಯ ಗುಡಿಸಲಿನ ಮುಂದೆ ನೆಲವನ್ನು ಹೊಸದಾಗಿ ಸಾರಿಸಿತ್ತು. ಒಲೆಯ ಹತ್ತಿರ ಉದ್ದನೆಯ ಹಿಡಿಯ ಮರದ ಸೌಟುಗಳು. ಕೈ ಸುಡದಿರಲೆಂದು ಮಲ್ಲ ಕೆತ್ತಿಕೊಟ್ಟವು. ಮೂಲೆಯಲ್ಲಿ ಇನ್ನೊಂದು ಚಾಪೆ, ಚಿಕ್ಕದು. ಅದರ ಮೇಲೆ ಇನ್ನೂ ಯಾರೂ ಮಲಗಿರಲಿಲ್ಲ.

ಲೇಯಮ್ಮ ಒಳಗೆ ಕೂರಲಿಲ್ಲ. ಬಾಗಿಲಲ್ಲೇ ನಿಂತು ಸೆರಗಿನ ಗಂಟು ಬಿಚ್ಚಿದಳು.

"ಪೇಪರ್ ಬಂದಿದೆ ಜವರಿ. ನಿನಗೆ ವಾಸಿಯಾಗಿದೆ."

ಜವರಿಯ ಮುಖ ಅರಳುವುದರೊಳಗೆ ಲೇಯಮ್ಮ ಮುಂದಿನ ಮಾತು ಆಡಿಬಿಟ್ಟಳು. ತಡಮಾಡಿದರೆ ಆಡಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಬಂದು ಒಂಬತ್ತು ವಾರ ಆಯ್ತು. ನನ್ನ ಹತ್ತಿರವೇ ಇತ್ತು. ನಾನು ಸುಳ್ಳು ಹೇಳಿದೆ. ನಿನ್ನ ಮಾತ್ರೆಯಿಂದ ಅಲ್ಲ, ನೀನೇನೂ ತಪ್ಪು ಮಾಡಿಲ್ಲ. ನಾನು."

ಮಲ್ಲ ಕೆತ್ತುತ್ತಿದ್ದ ಕಟ್ಟಿಗೆ ಕೆಳಗಿಟ್ಟ. ಜವರಿ ಚೀಟಿ ಈಸಿಕೊಂಡು ತಿರುಗಿಸಿ ನೋಡಿದಳು. ಅವಳಿಗೆ ಓದಲು ಬಾರದು.

"ಒಂಬತ್ತು ಬುಧ್ವಾರ," ಎಂದಳು.

"ಒಂಬತ್ತು."

"ಅವತ್ತು ಔದು ಅಂದಿದ್ದೆ."

"ಅಂದಿದ್ದೆ."

"ಆಣೆ ಇಕ್ಸ್ಕೊಬೇಕಾಗಿತ್ತು ನಿನ್ ಕೈಲಿ."

ಲೇಯಮ್ಮ ತಲೆ ತಗ್ಗಿಸಿ ನಿಂತಳು. ಬೈಗುಳ ಬಂದರೆ ತಿನ್ನಲು, ಹೊಡೆದರೆ ಹೊಡೆಸಿಕೊಳ್ಳಲು ಬಂದವಳಂತೆ. ಜವರಿ ಬೈಯಲಿಲ್ಲ. ಗುಡಿಸಲಿನೊಳಗೆ ಹೋಗಿ ಒಂದು ಸೋರೆಬುರುಡೆಯಲ್ಲಿ ನೀರು ತಂದು ಅವಳ ಮುಂದೆ ಇಟ್ಟಳು. ಇಟ್ಟು ಹಿಂದೆ ಸರಿದಳು, ಆರು ವರ್ಷದ ಅಭ್ಯಾಸ. ಲೇಯಮ್ಮ ಅದನ್ನು ತೆಗೆದುಕೊಂಡು ತೊಳೆಯದೆ, ಒರೆಸದೆ, ಪೂರ್ತಿ ಕುಡಿದಳು.

"ಕುಡುದ್ಲಲ್ಲ," ಎಂದ ಮಲ್ಲ, ತನಗೆ ತಾನೇ.

"ನಾಡಿದ್ದು ಬುಧ್ವಾರ ಕರ್ಕೊಂಬಾ," ಎಂದಳು ಜವರಿ.

ಎರಡು ದಿನ. ಲೇಯಮ್ಮ ಮಗುವಿನ ಲಂಗಗಳನ್ನು ಒಗೆದು ಹೊಲಿದಳು. ತಲೆಗೆ ಎಣ್ಣೆ ಹಚ್ಚಿ ಹೇನು ತೆಗೆದಳು. ಮರದವ್ವನೇ ನಿನ್ನ ಹೆತ್ತವ್ವ, ಅವಳಿಗೆ ಹುಷಾರಾಗಿದೆ, ಇನ್ನು ಅವಳ ಜೊತೆ ಇರಬೇಕು ಎಂದು ಮೂರು ಸಲ ಬಿಡಿಸಿ ಹೇಳಿದಳು. ಮೂರು ಸಲವೂ ಸಣ್ಣಿ, "ಆಮೇಲೆ ಮನೆಗೆ ಬರಾದಾ?" ಎಂದು ಕೇಳಿದಳು. ದೊಡ್ಡತಾಯಮ್ಮ ಬೇಲಿಯ ಹತ್ತಿರ ನಿಂತು ಎರಡು ದಿನವೂ ಅತ್ತಳು. "ನಿಮ್ ದ್ಯಾವ್ರು ಬಲೇ ಗಟ್ಟಿ ಕಣಮ್ಮ. ಸಾಕಿದ್ ಮೇಕೆ ಮರೀನೂ ಯಾರೂ ಹಿಂಗ್ ಕೊಡಕಿಲ್ಲ," ಎಂದಳು.

ಬುಧವಾರ. ಜವರಿ ಮಿಂದು, ಕೂದಲು ಬಾಚಿ, ಚಪ್ಪಡಿ ಕಲ್ಲಿನಾಚೆ ನಿಂತಿದ್ದಳು. ಆರು ವರ್ಷದಲ್ಲಿ ತಾಯಿಯಾಗಲಿ ಮಗುವಾಗಲಿ ಆ ಕಲ್ಲು ದಾಟಿರಲಿಲ್ಲ. ಲೇಯಮ್ಮ ಮಗುವಿನ ಕೈ ಹಿಡಿದು ಕಲ್ಲು ದಾಟಿದಳು. ಜವರಿ ಮುಟ್ಟಲು ಹೆದರಿದಳು. ಕೈ ಮುಂದೆ ಮಾಡಿ, ಹಿಂದಕ್ಕೆ ತೆಗೆದು, ಮತ್ತೆ ಮುಂದೆ ಮಾಡಿದಳು. ಲೇಯಮ್ಮ ಸಣ್ಣಿಯ ಕೈಯನ್ನು ಅವಳ ಕೈಯಲ್ಲಿಟ್ಟು, ಬಟ್ಟೆಯ ಗಂಟನ್ನು ಕಲ್ಲಿನ ಮೇಲೆ ಇಟ್ಟು ತಿರುಗಿದಳು. ನಿಂತರೆ ಕೆಲಸ ಕೆಡುತ್ತದೆ ಎಂದು ಗೊತ್ತಿತ್ತು. ಮರದ ಕೆಳಗೆ ಇಪ್ಪತ್ತು ಜನ ಕಾಲು ತೊಳೆಸಿಕೊಳ್ಳಲು ಕಾದಿದ್ದರು.

ಅವಳು ಕುಳಿತು ಒಲೆಯ ಮೇಲಿನ ಹಂಡೆಯಿಂದ ಬೋಗುಣಿಗೆ ನೀರು ಬಗ್ಗಿಸಿಕೊಂಡು ಎರಡೂ ಕೈ ಅದ್ದಿದಳು. ಹಿಂದಿನಿಂದ ಸಣ್ಣಿ, "ಅವ್ವಾ, ಹೋಗಾನ ಬಾ," ಎಂದು ಕರೆದಳು. ಆಮೇಲೆ ಕಿರುಚಿ ಕರೆದಳು. ಕೂಗು ದಾರಿಯುದ್ದಕ್ಕೂ ಹೋಗಿ ಕಾಡಿನ ಕಡೆ ಸಣ್ಣದಾಯಿತು. ಲೇಯಮ್ಮ ಬೋಗುಣಿಯಿಂದ ತಲೆಯೆತ್ತಲಿಲ್ಲ.

ಚಾಮಯ್ಯ ಕಾಲಿಡಲು ಹೋಗಿ ತಡೆದ. "ಅವ್ವಾ, ನೀರು ಹೊಗೆ ಆಡ್ತಾ ಅದೆ."

ಅವಳು ನೋಡಿದಳು. ಎರಡೂ ಕೈ ಮಣಿಕಟ್ಟಿನವರೆಗೆ ಕೆಂಪಗಾಗಿತ್ತು.

"ನನ್ ಕಾಲಿಗಂತೂ ತಿಳಿಯಾಕಿಲ್ಲ," ಎಂದ ಚಾಮಯ್ಯ ಮೆಲ್ಲಗೆ. "ನಿನ್ ಕೈಗೇನಾಯ್ತವ್ವಾ?"

ಆ ದಿನ ಉಳಿದವರ ಕಾಲನ್ನು ಸಾಮುವೇಲಪ್ಪ ತೊಳೆದ. ಅವನ ಆಯುಸ್ಸಿನಲ್ಲಿ ಮೊದಲನೆಯ ಸಲ.

ಮೂರು ವಾರ ಸಣ್ಣಿ ಮರದ ಹತ್ತಿರ ಬಂದರೆ ಲೇಯಮ್ಮನ ಸೀರೆ ಬಿಡುತ್ತಿರಲಿಲ್ಲ. ಹಿಂದೆ ಹೋದ ಮೇಲೆ ಎರಡು ದಿನ ಉಣ್ಣುವುದಿಲ್ಲ ಎಂದಳು ಜವರಿ. ಲೇಯಮ್ಮ ತಾನೇ, "ಹಾಗಾದರೆ ಸ್ವಲ್ಪ ದಿನ ಕರಕೊಂಡು ಬರಬೇಡ," ಎಂದಳು. ಜವರಿ ಅವಳ ಮುಖವನ್ನೇ ನೋಡಿದಳು.

ಮುಂದಿನ ತಿಂಗಳ ಮೊದಲ ಭಾನುವಾರ ಲೇಯಮ್ಮ ಎಲ್ಲರಿಗಿಂತ ಕೊನೆಯಲ್ಲಿ ಎದ್ದು ಮುಂದೆ ಹೋಗಿ ಮೊಣಕಾಲೂರಿದಳು. ಬಟ್ಟೆ ಸುತ್ತಿದ ಕೈಯಲ್ಲಿ ರೊಟ್ಟಿ ಹಿಡಿಯಲಾಗದೆ ಅಯ್ಯನವರೇ ಬಾಯಿಗೆ ಇಟ್ಟರು.

ಸುಗ್ಗಿ ಹಬ್ಬ ಹತ್ತಿರ ಬಂದಾಗ ಒಂದು ಬುಧವಾರ ಜವರಿ ಒಬ್ಬಳೇ ಬಂದಳು. ಕಂಕುಳಲ್ಲಿ ಒಂದು ತಗಡಿನ ಡಬ್ಬಿ.

"ಅವ್ವಾ, ನಾನೊಂದ್ ತಪ್ಪು ಮಾಡ್ದೆ. ಹಿಟ್ಟು ದಿನಾ ಕಮ್ಮಿ ಬೀಳ್ತಿತ್ತು. ಮಗ ಕದ್ದು ತಿಂತದೆ ಅಂದ್ಕೊಂಡು ಹೊಡೆದ್‌ಬುಟ್ಟೆ. ಅದು ಒಂದ್ ಮಾತಾಡ್ನಿಲ್ಲ. ನೆನ್ನೆ ಚಾಪೆ ಎತ್ತುದ್ರೆ ಇದು." ಡಬ್ಬಿಯ ಮುಚ್ಚಳ ತೆಗೆದಳು. ರಾಗಿ ಹಿಟ್ಟು, ಮುಕ್ಕಾಲು ಡಬ್ಬಿ. ಪುಟ್ಟ ಬೆರಳಿನ ಗುರುತು ಮೇಲೆ ಹಾಗೇ ಇತ್ತು. "ಯೇಸಪ್ಪನ್ಗೆ ಅಂತೆ. ನಿನ್ ಕೈಗೇ ಕೊಡ್ಬೇಕಂತೆ."

ಲೇಯಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಒಂದೇ ಒಂದು ಹಿಡಿ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಸಡಿಲ ಹಿಡಿಯಲ್ಲ, ಬಿಗಿ ಹಿಡಿ.

"ಇಷ್ಟು ಸಾಕು ಯೇಸಪ್ಪನಿಗೆ. ಉಳಿದದ್ದರಲ್ಲಿ ಮುದ್ದೆ ಮಾಡಿ ಅವಳಿಗೇ ಹಾಕು. ಹೊಡೀಬೇಡ. ಅವಳು ಎತ್ತಿಟ್ಟರೆ ನೋಡದವಳಂಗೆ ಇದ್ದುಬಿಡು."

"ಬುಡು, ಇರ್ತೀನಿ," ಎಂದಳು ಜವರಿ.

ಆಮೇಲೆ ಹತ್ತು ವರ್ಷ ಲೇಯಮ್ಮ ಬದುಕಿದಳು. ಬುಧವಾರ ತಪ್ಪಿಸಲಿಲ್ಲ. ಎಪ್ಪತ್ತರ ನಂತರ ಅರಣ್ಯ ಇಲಾಖೆಯವರು ಹಾಡಿಯವರನ್ನು ಕಾಡಿನಿಂದ ಹೊರಗೆ ಕಳಿಸತೊಡಗಿದಾಗ ಜವರಿ, ಮಲ್ಲ, ಸಣ್ಣಿ ಕೊಡಗಿನ ಕಾಫಿ ತೋಟವೊಂದರ ಕೂಲಿಯವರ ಲೈನ್ ಮನೆಗೆ ಹೋದರು. ಹೋಗುವ ದಿನ ಹೇಳಿ ಹೋಗಲು ಬಂದಿದ್ದರಂತೆ, ಲೇಯಮ್ಮ ಅಂದು ಜ್ವರದ ರೋಗಿಯ ಜೊತೆ ಮೈಸೂರಿಗೆ ಹೋಗಿದ್ದಳು. ಚಾಮಯ್ಯ ಹೇಳಿದ. "ಮರಕ್ಕೆ ಕೈ ಮುಗಿದ್ಲು ಕಣವ್ವಾ ಹುಡ್ಗಿ. ನಿನ್ ಬೋಗ್ಣಿ ಇರೋ ಜಾಗಕ್ಕೆ." ಲೇಯಮ್ಮ ಆ ದಿನವೂ ಅವನ ನೀರಿಗೆ ಮೊಣಕೈ ಅದ್ದಿ ನೋಡಿದಳು.

ಎಪ್ಪತ್ತೇಳರ ಚಳಿಗಾಲದಲ್ಲಿ ಎದೆಯ ಬಾಧೆಯಿಂದ ಅವಳು ತೀರಿಕೊಂಡಳು. ಸುದ್ದಿ ತೋಟ ಮುಟ್ಟಿ ಅವರು ಬಸ್ಸು ಹಿಡಿದು ಬರುವಷ್ಟರಲ್ಲಿ ಮಣ್ಣಾಗಿ ಮೂರು ದಿನ ಆಗಿತ್ತು. ಮನೆಗೆ ಬೀಗ. ಗಡಿಗೆಗಳು ಯಾರದೋ ಮನೆ ಸೇರಿದ್ದವು. ಕಾಂಪೌಂಡಿನ ಗೇಟಿನಲ್ಲಿ ಸಭೆಯ ಹಿರಿಯರೊಬ್ಬರು, ಬೆರಳು ಮುದುಡಿದ ಹೆಂಗಸನ್ನೂ ಹದಿನಾರು ವರ್ಷದ ಹುಡುಗಿಯನ್ನೂ ನೋಡಿ, "ಯಾರು ಬೇಕಿತ್ತು? ಲೇಯಮ್ಮನೋರಿಗೆ ನೀವು ಏನಾಗಬೇಕು?" ಎಂದು ಕೇಳಿದರು.

ಸಣ್ಣಿ ಜವರಿಯ ಮುಖ ನೋಡಿದಳು. ಜವರಿ ಅವಳ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದಳು.

"ನಾನು ಅವ್ರ ತಾವ ಔಸ್ದಿಗೆ ಬರ್ತಿದ್ದೋಳು ಸ್ವಾಮಿ. ಇವ್ಳು ಅವ್ರ ಮಗ್ಳು."

ಬೇಲಿಯಾಚೆ ಹಸಿಮಣ್ಣಿನ ಗುಡ್ಡೆ. ಬಾಡಿದ ಸೇವಂತಿಗೆ. ಮಣ್ಣು ಕೊಡುವ ದಿನ ಬಂದವರೆಲ್ಲ ಒಂದೊಂದು ಹಿಡಿ ಹಾಕಿದ್ದರು ಎಂದು ಹಿರಿಯರು ಹೇಳಿದರು. ಸಣ್ಣಿ ಕುಳಿತು ಒಂದು ಹಿಡಿ ಮಣ್ಣು ತೆಗೆದು ಹಾಕಿದಳು. ತುಟಿ ಏನೋ ಅಂದಿತು, ಕೇಳಿಸಲಿಲ್ಲ. ಆಮೇಲೆ ಜವರಿ ಬಗ್ಗಿದಳು. ಅವಳ ಬೆರಳುಗಳು ಮಡಿಚಿಕೊಂಡಿದ್ದವು, ಮಣ್ಣು ಹಿಡಿಯಲು ಹೋದರೆ ಸಂದಿಯಲ್ಲಿ ಸೋರಿಹೋಗುತ್ತಿತ್ತು. ಒಂದು ಸಲ ಸೋರಿತು, ಇನ್ನೊಂದು ಸಲವೂ ಸೋರಿತು. ಸಣ್ಣಿ ಅವ್ವನ ಕೈಯ ಕೆಳಗೆ ತನ್ನ ಅಂಗೈ ಒಡ್ಡಿದಳು.